ಬೀಜ ತಿನ್ನಬಹುದು, ಬಿತ್ತಬಾರದು: ಹೆಂಪ್ ಬೆಳೆಯ ನಿಷೇಧ ಯಾಕೆ ಹೋಗಬೇಕು

 

ಫೋನ್ ಹೇಗೂ ಕೈಯಲ್ಲೇ ಇದೆಯಲ್ಲ, ಒಂದು ಕೆಲಸ ಮಾಡಿ. ಯಾವುದಾದರೂ ದಿನಸಿ ಆ್ಯಪ್ ತೆಗೆದು ‘ಹೆಂಪ್ ಸೀಡ್ಸ್’ ಅಂತ ಹುಡುಕಿ. ಬಂತಾ? ಚಿಯಾ, ಅಗಸೆ ಬೀಜದ ಪಕ್ಕದಲ್ಲೇ ಇರುತ್ತೆ. ಬೀಜ, ಎಣ್ಣೆ, ಪ್ರೋಟೀನ್ ಪುಡಿ ಎಲ್ಲಾ ಸಿಗುತ್ತೆ. ಇದು ಕಳ್ಳಮಾಲಲ್ಲ. 2021ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡು ಅಧಿಸೂಚನೆ ಹೊರಡಿಸಿತು. ಬೀಜದಲ್ಲಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕೆಜಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಬಾರದು, ಅಷ್ಟೇ. ಟಿಎಚ್‌ಸಿ ಅಂದ್ರೆ ಗಾಂಜಾದಲ್ಲಿ ಅಮಲು ತರುವ ವಸ್ತು.

ಸರಿ. ಈ ಬೀಜ ಬಿಡುವ ಗಿಡವನ್ನೇ ಊರಲ್ಲಿ ನಿಮ್ಮ ಅಪ್ಪನ ಹೊಲದಲ್ಲಿ ಬೆಳೆದರೆ ಏನಾಗುತ್ತೆ? ಎನ್‌ಡಿಪಿಎಸ್ ಕಾಯ್ದೆ, ಸೆಕ್ಷನ್ 20. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಗಿಡದಲ್ಲಿ ಅಮಲು ಎಷ್ಟಿದೆ ಅಂತ ಆ ಸೆಕ್ಷನ್ ಕೇಳುವುದೇ ಇಲ್ಲ. ಕ್ಯಾನಬಿಸ್ ಕುಲದ ಯಾವುದೇ ಗಿಡವಾದರೂ ಅದರ ಲೆಕ್ಕದಲ್ಲಿ ಒಂದೇ. ಅಂಗಡಿಯವನು ಮಾರಬಹುದು, ನೀವು ನಾನು ತಿನ್ನಬಹುದು, ರೈತ ಮಾತ್ರ ಬಿತ್ತಬಾರದು. ಇವತ್ತು ನಾನು ಮಾತಾಡೋದು ಈ ತಿಕ್ಕಲುತನದ ಬಗ್ಗೆ.

ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಿನಲ್ಲಿ ಜಗಳ ಬೇಡ. ಗಾಂಜಾ ಸೇದೋದಕ್ಕೆ ಅವಕಾಶ ಕೊಡಿ ಅಂತ ಕೇಳೋಕೆ ನಾನು ಬಂದಿಲ್ಲ. ಅದು ಬೇರೆ ಚರ್ಚೆ, ಅದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ. ನಾನು ಕೇಳ್ತಿರೋದು ನಾರು ಮತ್ತು ಬೀಜದ ಬೆಳೆ.

ಕನ್ನಡದಲ್ಲಿ ಈ ವಿಷಯ ಮಾತಾಡೋಕೆ ಕೂತರೆ ಹೆಸರಿನದೇ ಮೊದಲ ತೊಡಕು. ಹೆಂಪ್ ಅಂದ್ರೆ ‘ಸೆಣಬು’ ಅಂತ ಪತ್ರಿಕೆಗಳಲ್ಲಿ ಬರೀತಾರೆ. ಗೋಣಿಚೀಲದ ಜೂಟ್‌ಗೂ ಸೆಣಬು ಅಂತೀವಿ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಅಂತ ಬಿತ್ತಿ, ಹೂ ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸ್ತಾರಲ್ಲ, ಹಳದಿ ಹೂವಿನ ಸೆಣಬು, ಅದು ಹುರುಳಿ ಅವರೆ ಇದ್ದ ಹಾಗೆ ದ್ವಿದಳ ಜಾತಿ. ಇಂಗ್ಲಿಷಿನಲ್ಲಿ ಅದಕ್ಕೆ ಸನ್ ಹೆಂಪ್ ಅನ್ನೋದರಿಂದ ಗೊಂದಲ ಇನ್ನೂ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಹಗ್ಗ ಹೊಸೆಯೋಕೆ ಪುಂಡಿ ನಾರು ಇತ್ತು. ಹೈದರಾಬಾದಿನವರು ಗೊಂಗೂರ ಅಂತ ತಿನ್ನೋದು ಅದರ ಬಳಗದ್ದೇ ಸೊಪ್ಪು. ಮನಿಲಾ ಹೆಂಪ್ ಅಂತ ಇನ್ನೊಂದಿದೆ, ಅದು ಬಾಳೆಯ ನೆಂಟ. ಇವು ಯಾವುವಕ್ಕೂ ಗಾಂಜಾಗೂ ಸಂಬಂಧ ಇಲ್ಲ. ನಾನು ಹೇಳ್ತಿರೋ ಹೆಂಪ್‌ಗೆ ಮಾತ್ರ ಸಂಬಂಧ ಇದೆ. ಅದು ನಮ್ಮ ಹಳೇ ಜನ ‘ಭಂಗಿ’ ಅಂತಿದ್ದ ಗಿಡವೇ. ಜಾತಿ ಒಂದೇ, ತಳಿ ಬೇರೆ. ಆ ಸಂಬಂಧವನ್ನು ಮುಚ್ಚಿಟ್ಟು ವಾದ ಮಾಡೋದು ನನಗೆ ಇಷ್ಟವಿಲ್ಲ.

ಈಗ ಕಾನೂನಿಗೆ ಬರೋಣ, ಸ್ವಲ್ಪ ತಾಳ್ಮೆ ಇರಲಿ.

1961ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಆಯ್ತು, ಭಾರತವೂ ಅದಕ್ಕೆ ಒಪ್ಪಿತು. ಆ ಒಪ್ಪಂದದ 28ನೇ ವಿಧಿ ಸ್ಪಷ್ಟವಾಗಿ ಹೇಳುತ್ತೆ: ನಾರು ಮತ್ತು ಬೀಜಕ್ಕಾಗಿ ಬೆಳೆಯುವ ಕ್ಯಾನಬಿಸ್‌ಗೆ ಇದು ಅನ್ವಯಿಸುವುದಿಲ್ಲ. ಮುಂದೆ 1985ರ ನವೆಂಬರ್ 14ರಂದು ನಮ್ಮ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅದರ 8ನೇ ಸೆಕ್ಷನ್ ಕ್ಯಾನಬಿಸ್ ಗಿಡ ಬೆಳೆಯೋದನ್ನು ನಿಷೇಧಿಸುತ್ತೆ. ಆದರೆ 14ನೇ ಸೆಕ್ಷನ್ ಓದಿ. ನಾರು ಅಥವಾ ಬೀಜ ಪಡೆಯುವ ಕೈಗಾರಿಕಾ ಉದ್ದೇಶಕ್ಕೆ, ಇಲ್ಲವೇ ತೋಟಗಾರಿಕೆಗೆ, ಷರತ್ತು ಹಾಕಿ ಬೆಳೆಯಲು ಸರ್ಕಾರ ಆದೇಶ ಹೊರಡಿಸಬಹುದು ಅಂತಿದೆ. ಅಂದ್ರೆ ಪಾರ್ಲಿಮೆಂಟ್ 1985ರಲ್ಲೇ ಬಾಗಿಲಿಟ್ಟಿತ್ತು. ಬೀಗದ ಕೈಯನ್ನು ಸರ್ಕಾರಗಳ ಕೈಗೆ ಕೊಟ್ಟಿತ್ತು. ಬಹುಪಾಲು ರಾಜ್ಯಗಳು ಆ ಕೈಯನ್ನು ಎಲ್ಲಿ ಇಟ್ಟಿದ್ದೇವೆ ಅನ್ನೋದನ್ನೇ ಮರೆತವು.

ಇನ್ನೂ ಒಂದು ತಮಾಷೆ ಇದೆ. ಕಾಯ್ದೆಯಲ್ಲಿ ‘ಗಾಂಜಾ’ ಅಂದ್ರೆ ಗಿಡದ ಹೂ-ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರೋದಿಲ್ಲ. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರಿ ಪರವಾನಗಿಯ ಭಾಂಗ್ ಅಂಗಡಿಗಳು ನಡೀತಿರೋದು ಇದರಿಂದಲೇ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ ಭಾಂಗ್ ಈ ಕಾಯ್ದೆಯಡಿ ನಿಷೇಧಿತ ಅಲ್ಲ ಅಂತ ಹೇಳಿತು. ಎಲೆ ಹೊರಗೆ, ಬೀಜ ಹೊರಗೆ, ಕಾಂಡದ ನಾರಂತೂ ಲೆಕ್ಕದಲ್ಲೇ ಇಲ್ಲ. ಆದರೂ ಇಡೀ ಗಿಡ ಅಪರಾಧಿ.

ಇದು ಕಾಗದದ ಮೇಲಿನ ಗೋಜಲು ಮಾತ್ರ ಆಗಿದ್ದರೆ ನಾನು ಇಷ್ಟು ಹೊತ್ತು ಮಾತಾಡ್ತಿರಲಿಲ್ಲ. ನಮ್ಮ ಟೀಮಿನಲ್ಲಿ ಅಲ್ಮೋರಾ ಕಡೆಯ ಒಬ್ಬ ಹುಡುಗ ಇದ್ದಾನೆ. ಊರಿಗೆ ಹೋಗಿ ಬಂದಾಗಲೆಲ್ಲ ಒಂದು ಚಟ್ನಿಪುಡಿ ತರ್ತಾನೆ. ನಾನು ತಿಂದು, ಇದು ನಮ್ಮ ಗುರೆಳ್ಳು ಚಟ್ನಿಪುಡಿ ಅಲ್ಲವೇನೋ ಅಂದೆ. ಗುರೆಳ್ಳು ಅಂದ್ರೆ ಬೆಂಗಳೂರು ಮೈಸೂರು ಕಡೆಯವರ ಹುಚ್ಚೆಳ್ಳು. ಅಲ್ಲ, ಭಾಂಗ್ ಬೀಜದ್ದು ಅಂದ. ಕುಮಾವೂಂನಲ್ಲಿ ಬೀಜ ಹುರಿದು, ಜೀರಿಗೆ ಮೆಣಸಿನಕಾಯಿ ಹಾಕಿ, ನಿಂಬೆಹಣ್ಣು ಹಿಂಡಿ ಚಟ್ನಿ ಮಾಡ್ತಾರೆ, ಮನೆಮನೆಯ ಅಡುಗೆ ಅದು. ಬೀಜದಲ್ಲಿ ಅಮಲಿಲ್ಲ. (ಹೆಸರಿನಲ್ಲೇ ಹುಚ್ಚು ಇಟ್ಟುಕೊಂಡ ಹುಚ್ಚೆಳ್ಳನ್ನು ಯಾರೂ ನಿಷೇಧಿಸಲಿಲ್ಲ ಅನ್ನೋದು ನಮ್ಮ ಪುಣ್ಯ.) ಕಾಂಡವನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಸುಲಿದು, ಆ ನಾರಿನಿಂದ ಹಗ್ಗ, ಚೀಲ, ಹೊದೆಯುವ ಒರಟು ಬಟ್ಟೆ ಮಾಡ್ತಿದ್ದರು. ಆ ಬಟ್ಟೆಗೆ ಭಾಂಗೇಲಾ ಅಂತ ಹೆಸರೇ ಇದೆ.

ಬೆಟ್ಟದ ಕೃಷಿ ಹೇಗಿರುತ್ತೆ ಅಂತ ಯೋಚಿಸಿ. ಮೆಟ್ಟಿಲು ಮೆಟ್ಟಿಲಾಗಿ ಚೂರು ಗದ್ದೆಗಳು. ಟ್ರ್ಯಾಕ್ಟರ್ ಹೋಗಲ್ಲ, ನೀರು ನಿಲ್ಲಲ್ಲ. ಬಿತ್ತಿದ್ದನ್ನು ಕೋತಿ, ಕಾಡುಹಂದಿ ತಿಂದು ಹೋಗ್ತವೆ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ರೈತರು ಹೇಳೋ ಮುಖ್ಯ ಕಾರಣ ಇದೇ: ಈ ಗಿಡಕ್ಕೆ ಪ್ರಾಣಿಗಳು ಬಾಯಿ ಹಾಕಲ್ಲ, ನೀರು ಹೆಚ್ಚು ಕೇಳಲ್ಲ, ಬಂಜರಿನಲ್ಲೂ ಬರುತ್ತೆ. 2011ರ ಜನಗಣತಿಯಲ್ಲಿ ಅಲ್ಮೋರಾ ಮತ್ತು ಪೌರಿ ಗಢವಾಲ್ ಜಿಲ್ಲೆಗಳ ಜನಸಂಖ್ಯೆ ಅದರ ಹಿಂದಿನ ಗಣತಿಗಿಂತ ಕಡಿಮೆಯಾಗಿತ್ತು. ಊರು ಬಿಟ್ಟು ಹೋಗುವವರ ಸಮಸ್ಯೆ ನೋಡೋಕೆ ಅಂತಲೇ ಆ ರಾಜ್ಯ 2017ರಲ್ಲಿ ವಲಸೆ ಆಯೋಗ ಮಾಡಿತು. ಹಾಗೆ ಊರು ಬಿಟ್ಟವರಲ್ಲಿ ಒಬ್ಬ ನನ್ನ ಪಕ್ಕದ ಡೆಸ್ಕಿನಲ್ಲಿ ಕೂತಿದ್ದಾನೆ. ನಾವೂ ಊರು ಬಿಟ್ಟವರೇ, ಆದರೆ ನಮ್ಮ ಊರುಗಳು ಖಾಲಿಯಾಗಿಲ್ಲ.

ಉತ್ತರಾಖಂಡ 2018ರಲ್ಲಿ 14ನೇ ಸೆಕ್ಷನ್ನಿನ ಬೀಗ ತೆಗೆಯಿತು. ಹೆಂಪ್ ಬೆಳೆಗೆ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯ ಅದು. ಷರತ್ತು ಏನು? ಗಿಡದಲ್ಲಿ ಟಿಎಚ್‌ಸಿ ಶೇಕಡಾ 0.3 ಮೀರಬಾರದು. ಕೇಳೋಕೆ ಸರಳ. ಅಸಲಿ ತೊಂದರೆ ಇರೋದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಈ 0.3 ಎಲ್ಲಿಂದ ಬಂತು? ಅರ್ನೆಸ್ಟ್ ಸ್ಮಾಲ್ ಅಂತ ಕೆನಡಾದ ಸಸ್ಯವಿಜ್ಞಾನಿ, ಜೊತೆಗೆ ಅಮೆರಿಕದ ಆರ್ಥರ್ ಕ್ರಾನ್‌ಕ್ವಿಸ್ಟ್. 1976ರಲ್ಲಿ ಇಬ್ಬರೂ ಸೇರಿ ಕ್ಯಾನಬಿಸ್‌ನ ವರ್ಗೀಕರಣದ ಮೇಲೆ ಒಂದು ಪ್ರಬಂಧ ಬರೆದರು. ನಾರಿನ ಬಗೆ ಯಾವುದು, ಅಮಲಿನ ಬಗೆ ಯಾವುದು ಅಂತ ವಿಂಗಡಿಸೋಕೆ ಎಲ್ಲೋ ಒಂದು ಗೆರೆ ಬೇಕಿತ್ತು, 0.3ರಲ್ಲಿ ಎಳೆದರು. ಅದು ಅನುಕೂಲಕ್ಕೆ ಎಳೆದ ಗೆರೆ ಅನ್ನೋದನ್ನು ಅವರು ಮುಚ್ಚಿಡಲಿಲ್ಲ. 0.3ರ ಗಿಡ ಸೇದಿದರೆ ಏನೂ ಆಗಲ್ಲ, 0.4ರದ್ದಾದರೆ ನಶೆ ಏರುತ್ತೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಅಮಲಿಗಾಗಿ ಬೆಳೆಯುವ ಇವತ್ತಿನ ತಳಿಗಳಲ್ಲಿ ಶೇಕಡಾ 10 ದಾಟೋದು ಮಾಮೂಲು. ಸಸ್ಯಶಾಸ್ತ್ರದ ಗೆರೆ ಆಮೇಲೆ ದೇಶದೇಶಗಳ ಕಾನೂನಾಯ್ತು. ಯುರೋಪ್ ಒಕ್ಕೂಟದಲ್ಲಿ 0.2 ಇತ್ತು, 2023ರಿಂದ 0.3 ಮಾಡಿದರು. ಸ್ವಿಟ್ಜರ್ಲೆಂಡ್‌ನಲ್ಲಿ ಶೇಕಡಾ 1. ಅಂದ್ರೆ ಅಲ್ಲಿ ಬೆಳೆ, ಇಲ್ಲಿ ಅಪರಾಧ. ನಾವು ಕೋಡ್‌ನಲ್ಲಿ ಯಾರೋ ಹಿಂದಿನವರು ಬರೆದಿಟ್ಟ ಒಂದು ನಂಬರನ್ನು, ಯಾಕೆ ಇದೆ ಅಂತ ಗೊತ್ತಿಲ್ಲದೆ, ಮುಟ್ಟೋಕೆ ಹೆದರಿ ಹಾಗೇ ಬಿಡ್ತೀವಲ್ಲ, ಅದೇ ಕಥೆ. (ನಗು)

ಹಿಮಾಲಯದ ನಾಟಿ ತಳಿಗಳು ತಲೆತಲಾಂತರದಿಂದ ಅಲ್ಲಿನ ಬಿಸಿಲು, ಎತ್ತರಕ್ಕೆ ಒಗ್ಗಿದವು. ಅವುಗಳಲ್ಲಿ ಬಹಳಷ್ಟು 0.3 ದಾಟಿಬಿಡ್ತವೆ. ಯುರೋಪಿನ ಬೀಜ ತಂದು ಬಿತ್ತಿದರೆ ಇಲ್ಲಿನ ಹಗಲಿನ ಅವಧಿಗೆ ಬೇಗ ಹೂ ಬಿಟ್ಟು ಗಿಡ ಗಿಡ್ಡವಾಗುತ್ತೆ, ನಾರು ಸಿಗಲ್ಲ. ಮೇಲಿಂದ ಟಿಎಚ್‌ಸಿ ಅನ್ನೋದು ಸ್ಥಿರ ಅಂಕಿ ಅಲ್ಲ. ಹೂ ಬಲಿತಂತೆ ಏರುತ್ತೆ. ಈ ವಾರ ಪಾಸಾದ ಹೊಲ ಎರಡು ವಾರ ಬಿಟ್ಟು ಫೇಲಾಗಬಹುದು. ಹಾಗಾಗಿ ಲೈಸೆನ್ಸ್ ಇದ್ದರೂ ರೈತನಿಗೆ ಧೈರ್ಯ ಬರಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಅಮೆರಿಕದಲ್ಲೂ ಮಿತಿ 0.3 ಇದೆ. ಆದರೆ ಅಲ್ಲಿನ ಕೃಷಿ ಇಲಾಖೆ 2021ರ ನಿಯಮದಲ್ಲಿ ಒಂದು ವಿವೇಕದ ಮಾತು ಸೇರಿಸಿತು. ರೈತ ಪ್ರಾಮಾಣಿಕವಾಗಿ ಪ್ರಯತ್ನಪಟ್ಟಿದ್ದು, ಬೆಳೆ ಶೇಕಡಾ 1ರ ಒಳಗಿದ್ದರೆ ಅದನ್ನು ನಿರ್ಲಕ್ಷ್ಯ ಅಂತ ಕೂಡ ಎಣಿಸಬಾರದು. ಮಿತಿ ಮೀರಿದ ಬೆಳೆ ನಾಶ ಮಾಡಬೇಕು ಇಲ್ಲವೇ ಸರಿಪಡಿಸಬೇಕು, ನಷ್ಟ ಅವನದೇ, ಆದರೆ ಅವನು ಜೈಲಿಗೆ ಹೋಗಲ್ಲ. ನಾನು ನಮ್ಮ ರಾಜ್ಯಗಳಿಂದ ಕೇಳೋದು ಮುಖ್ಯವಾಗಿ ಇದನ್ನೇ. ಟೆಸ್ಟ್ ಫೇಲಾದರೆ ಬೆಳೆ ಹೋಗಲಿ, ಮನುಷ್ಯ ಹೋಗಬಾರದು. ಆ ಒಂದು ಸಾಲು ಆದೇಶದಲ್ಲಿ ಇಲ್ಲದಿದ್ದರೆ ಲೈಸೆನ್ಸ್ ಕೊಟ್ಟೂ ಕೊಡದ ಹಾಗೆ.

ಹಿಮಾಚಲವೂ ಈ ದಾರಿ ಹಿಡಿದಿದೆ. ಕುಲ್ಲು ಕಡೆಯ ಮಲಾಣಾ ಅಂದ್ರೆ ಚರಸ್ ಅಂತ ದೇಶಕ್ಕೆಲ್ಲ ಗೊತ್ತು. ಪೊಲೀಸರು ವರ್ಷವೂ ಬೆಟ್ಟ ಹತ್ತಿ ಗಿಡ ಕೀಳ್ತಾರೆ, ವರ್ಷವೂ ಅದು ಹುಟ್ಟುತ್ತೆ. 2023ರಲ್ಲಿ ಅಲ್ಲಿನ ಕಂದಾಯ ಮಂತ್ರಿ ಜಗತ್ ಸಿಂಗ್ ನೇಗಿ ನೇತೃತ್ವದಲ್ಲಿ ಸಮಿತಿ ಮಾಡಿದರು. 2024ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಅದರ ವರದಿಯನ್ನು ಒಪ್ಪಿತು. 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನ ಒಪ್ಪಿಸಿದರು. ಆರೋಪ ಹೊತ್ತ ಊರುಗಳಿರುವ ರಾಜ್ಯವೇ ಕೂತು ಓದಿ, ಸುತ್ತಾಡಿ ತೀರ್ಮಾನ ಮಾಡುತ್ತೆ. ಬೇರೆ ರಾಜ್ಯಗಳು ಯೋಚಿಸೋದಕ್ಕೂ ಹೆದರ್ತವೆ.

ಹೂಂ, ಹಿಂದಿನಿಂದ ಯಾರೋ ಕೈ ಎತ್ತಿದ್ದಾರೆ. ‘ಹೆಂಪ್ ನೆಪದಲ್ಲಿ ನಡುವೆ ನಾಲ್ಕು ಸಾಲು ಗಾಂಜಾ ಹಾಕಿದರೆ?’

ಒಳ್ಳೇ ಪ್ರಶ್ನೆ, ಪೊಲೀಸರೂ ಇದನ್ನೇ ಕೇಳ್ತಾರೆ. ನಾರಿನ ಬೆಳೆಯನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಗಿಡ ಕೊಂಬೆ ಬಿಡದೆ ಜೋಳದ ದಂಟಿನ ಹಾಗೆ ಉದ್ದಕ್ಕೆ ಹೋಗಬೇಕು, ಹೂವಿನ ಹೊತ್ತಿಗೆಲ್ಲ ಕೊಯ್ದುಬಿಡಬೇಕು. ಅಮಲಿಗೆ ಬೆಳೆಯುವವನು ಗಿಡಗಳನ್ನು ದೂರ ದೂರ ಇಟ್ಟು, ಪೊದೆಯ ಹಾಗೆ ಹರಡಿಸಿ, ಗಂಡು ಗಿಡ ಕಿತ್ತು ಹಾಕ್ತಾನೆ. ಪರಾಗ ಬಿದ್ದು ಬೀಜ ಕಟ್ಟಿದರೆ ಅವನ ಮಾಲು ಕೆಟ್ಟಿತು ಅಂತ ಅರ್ಥ. ಬೀಜದ ಹೆಂಪ್‌ಗೆ ಆ ಪರಾಗವೇ ಬೇಕು. ಹಾಗಾಗಿ ಹೆಂಪ್ ಹೊಲದ ಮಧ್ಯ ಗಾಂಜಾ ಬಚ್ಚಿಡೋದು ಕಳ್ಳನಿಗೇ ನಷ್ಟದ ಬಾಬತ್ತು. ಬಚ್ಚಿಡೋಕೆ ಕಬ್ಬು, ಅರಿಶಿನ ವಾಸಿ. ಊರ ಕಡೆಯ ಪೇಪರ್ ಓದ್ತಿದ್ದರೆ ನಿಮಗೇ ಗೊತ್ತಿರುತ್ತೆ. ಹಾಗಂತ ಯಾರೂ ಕಬ್ಬು ನಿಷೇಧಿಸಿಲ್ಲ.

ಇನ್ನೊಂದು ಉದಾಹರಣೆ ಇದೆ, ಇದಕ್ಕಿಂತ ಗಟ್ಟಿಯಾದದ್ದು. ಅಫೀಮು! ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢ ಕಡೆ ಸುಮಾರು ಒಂದು ಲಕ್ಷ ರೈತರು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು ಗಸಗಸೆ ಗಿಡ ಬೆಳೀತಾರೆ. ಗ್ವಾಲಿಯರ್‌ನಲ್ಲಿರುವ ಕೇಂದ್ರ ನಾರ್ಕೋಟಿಕ್ಸ್ ಬ್ಯೂರೋ ಪ್ರತಿ ಹೊಲ ಅಳೆಯುತ್ತೆ, ಬೆಳೆ ನೋಡುತ್ತೆ, ಮಾಲನ್ನು ತೂಕ ಹಾಕಿ ಕೊಳ್ಳುತ್ತೆ. ಸೋರಿಕೆ ಆಗಲ್ಲ ಅಂತ ನಾನು ಹೇಳಲ್ಲ, ಆಗುತ್ತೆ, ಕೇಸುಗಳೂ ಆಗ್ತವೆ. ಆದರೂ ಔಷಧಕ್ಕೆ ಬೇಕು ಅಂತ ನಡೆಸಿಕೊಂಡು ಬಂದಿದ್ದೇವೆ. ಅಫೀಮಿನ ಹಾಲು ಸುರಿಸುವ ಗಿಡವನ್ನೇ ಕಾಯಬಲ್ಲ ಸರ್ಕಾರಕ್ಕೆ ಹಗ್ಗದ ಗಿಡ ಕಾಯೋಕೆ ಆಗಲ್ಲ ಅಂದ್ರೆ ನಾನು ಒಪ್ಪಲ್ಲ.

ಅಮೆರಿಕದ ಅನುಭವವನ್ನೂ ನೋಡಬೇಕು, ಯಾಕಂದ್ರೆ ಇದರ ವಿರೋಧಿಗಳು ಅದನ್ನೇ ಮುಂದಿಡ್ತಾರೆ, ಅವರ ಮಾತಲ್ಲಿ ಅರ್ಧ ಸತ್ಯ ಇದೆ. 1937ರಿಂದ ಅಲ್ಲಿ ತೆರಿಗೆ ಕಾನೂನಿನ ಹೆಸರಲ್ಲಿ ಹೆಂಪ್‌ನ ಕತ್ತು ಹಿಸುಕಿದರು. ಯುದ್ಧದಲ್ಲಿ ಜಪಾನ್ ಫಿಲಿಪೈನ್ಸ್ ಹಿಡಿದು ಮನಿಲಾ ನಾರು ನಿಂತಾಗ, 1942ರಲ್ಲಿ ಅದೇ ಸರ್ಕಾರ ದೇಶಕ್ಕಾಗಿ ಹೆಂಪ್ ಬೆಳೆಯಿರಿ ಅಂತ ಸಿನಿಮಾ ಮಾಡಿ ತೋರಿಸಿತು. 2018ರಲ್ಲಿ ಮತ್ತೆ ದೇಶಪೂರ್ತಿ ಅನುಮತಿ ಸಿಕ್ಕಿತು. ಆಗ ಕೆಳಗಿನ ಕೌಂಟಿಗಳು, ಅಂದ್ರೆ ನಮ್ಮ ಜಿಲ್ಲೆಗಳ ಹಾಗೆ, ತಡೆ ಹಾಕತೊಡಗಿದವು. ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿ 2019ರ ಏಪ್ರಿಲ್‌ನಲ್ಲಿ ಹೆಂಪ್‌ಗೆ ತಾತ್ಕಾಲಿಕ ನಿಷೇಧ ಹಾಕಿತು. ಕಾರಣಗಳಲ್ಲಿ ಒಂದು ಕೇಳಿದರೆ ನಗು ಬರುತ್ತೆ: ಅಲ್ಲಿ ಲೈಸೆನ್ಸ್ ಇರುವ ಗಾಂಜಾ ಬೆಳೆಗಾರರಿದ್ದರು, ಹೆಂಪ್‌ನ ಪರಾಗ ಹಾರಿಬಂದು ತಮ್ಮ ಮಾಲು ಹಾಳಾಗುತ್ತೆ ಅನ್ನೋ ಭಯ ಅವರದು.

ಅರ್ಧ ಸತ್ಯ ಅಂದೆನಲ್ಲ, ಅದು ಇದು. ಅಲ್ಲಿ ಬಹುತೇಕರು ಬೆಳೆದದ್ದು ನಾರಿಗಲ್ಲ, ಹೂವಿನಿಂದ ಸಿಬಿಡಿ ತೆಗೆಯೋಕೆ. ಎಲ್ಲರೂ ಒಟ್ಟಿಗೆ ನುಗ್ಗಿದರು, ಬೆಲೆ ಕುಸಿಯಿತು. ಅವರದೇ ಕೃಷಿ ಇಲಾಖೆಯ ಲೆಕ್ಕದಲ್ಲಿ 2021ರಲ್ಲಿ ಹೆಂಪ್ ಬೆಳೆಯ ಮೌಲ್ಯ 82.4 ಕೋಟಿ ಡಾಲರ್, 2022ರಲ್ಲಿ 23.8 ಕೋಟಿ. ಮಾರಾಟವಾಗದ ಸಿಬಿಡಿಯನ್ನು ರಾಸಾಯನಿಕವಾಗಿ ಬದಲಿಸಿ ಅಮಲಿನ ಪದಾರ್ಥ ಮಾಡಿ ಪೆಟ್ರೋಲ್ ಬಂಕ್ ಅಂಗಡಿಗಳಲ್ಲಿ ಮಾರೋವರೆಗೆ ಹೋಯ್ತು. ಆ ಗಲೀಜು ನಮಗೆ ಬೇಡ. ನಮ್ಮ 14ನೇ ಸೆಕ್ಷನ್ ‘ನಾರು ಅಥವಾ ಬೀಜ’ ಅನ್ನುತ್ತೆ, ಹೂವಿನ ಮಾತೇ ಎತ್ತಲ್ಲ. ಹೂವಿನ ವ್ಯಾಪಾರಕ್ಕೆ ಹೊರಟವರು ಈ ಸೆಕ್ಷನ್ ಸಾಲದು ಅಂತ ಗೊಣಗ್ತಾರೆ, ನನಗೆ ಅದೇ ಅದರ ಗುಣ ಅನ್ನಿಸುತ್ತೆ.

ನಾರಿನಿಂದ ಏನು ಬರುತ್ತೆ ಅಂತ ಪಟ್ಟಿ ಓದಲ್ಲ, ಇಂಟರ್ನೆಟ್ ತುಂಬ ಇದೆ, ಅದರಲ್ಲಿ ಉತ್ಪ್ರೇಕ್ಷೆಯೂ ಇದೆ. ಒಂದು ಮಾತ್ರ ಹೇಳ್ತೀನಿ, ಪುಣೆಯಿಂದ ಎಲ್ಲೋರಕ್ಕೆ ನಾವೆಲ್ಲ ಒಮ್ಮೆಯಾದರೂ ಹೋಗಿ, ಕೈಲಾಸ ನೋಡಿ, ಇದು ನಮ್ಮ ರಾಷ್ಟ್ರಕೂಟರದ್ದು ಅಂತ ಎದೆ ಉಬ್ಬಿಸಿ ಬಂದಿರ್ತೀವಿ. ಅಲ್ಲಿನ ಗುಹೆಗಳ ಗಾರೆಯಲ್ಲಿ ಮಣ್ಣು ಸುಣ್ಣದ ಜೊತೆ ಈ ಗಿಡದ ಚೂರುಗಳನ್ನು ಕಲಸಿದ್ದರು ಅಂತ 2016ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ರಾಜದೇವ್ ಸಿಂಗ್ ಮತ್ತು ಮಿಲಿಂದ್ ಸರದೇಸಾಯಿ ಬರೆದರು. ಅಜಂತಾದ ಗಾರೆಯನ್ನು ಹುಳು ತಿಂದಷ್ಟು ಎಲ್ಲೋರದ್ದನ್ನು ತಿನ್ನದಿರೋಕೆ ಇದೇ ಕಾರಣ ಇರಬಹುದು ಅನ್ನೋದು ಅವರ ಅಭಿಪ್ರಾಯ. ಈಗ ಅದೇ ಉಪಾಯಕ್ಕೆ ಹೆಂಪ್‌ಕ್ರೀಟ್ ಅಂತ ಹೆಸರಿಟ್ಟು ಪೌರಿ ಜಿಲ್ಲೆಯ ಯಮಕೇಶ್ವರದಲ್ಲಿ ಮನೆ ಕಟ್ಟಿದ್ದಾರೆ.

ಕೊನೆಗೆ, ನಮಗೆ ನೇರ ಸಂಬಂಧಪಟ್ಟದ್ದು. ಇಲ್ಲಿ ಕೂತವರಲ್ಲಿ ಅರ್ಧ ಜನರ ಹೆಸರು ಊರ ಪಹಣಿಯಲ್ಲಿದೆ, ಜಮೀನು ಕೋರಿಗೋ ಗುತ್ತಿಗೆಗೋ ಕೊಟ್ಟು ಬಂದಿದ್ದೀರಿ. ಅದೇ ಎನ್‌ಡಿಪಿಎಸ್ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ತನ್ನ ಜಮೀನಿನಲ್ಲಿ ಅಕ್ರಮ ಕ್ಯಾನಬಿಸ್ ಇದ್ದರೆ ಕೂಡಲೇ ತಿಳಿಸೋದು ಜಮೀನುದಾರನ ಹೊಣೆ. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಇದೆ. ಹಾಗಾಗಿ ಕಾನೂನು ಬದಲಾಗೋ ಮುಂಚೆ ‘ಟ್ರೈ ಮಾಡೋಣ’ ಅಂತ ಯಾರಾದರೂ ಹೇಳಿದರೆ ಖಂಡಿತ ಬೇಡ.

ಮುಂದಿನ ಸಾಲಿನಲ್ಲಿ ಇನ್ನೊಂದು ಪ್ರಶ್ನೆ: ‘ಎಕರೆಗೆ ಲಕ್ಷಗಟ್ಟಲೆ ಲಾಭ ಅಂತ ವಿಡಿಯೋ ನೋಡಿದೆ, ದುಡ್ಡು ಹಾಕಬಹುದಾ?’

ನನ್ನ ಉತ್ತರ, ಈಗ ಹಾಕಬೇಡಿ. ನಾರು ಬಿಡಿಸುವ ಯಂತ್ರ, ಅದನ್ನು ಕೊಳ್ಳುವ ಗಿರಣಿ ಹತ್ತಿರ ಇಲ್ಲದಿದ್ದರೆ ಕಾಂಡ ಬರೀ ಸೌದೆ. ಕಾನೂನು ಬಾರದೆ ಗಿರಣಿ ಬರಲ್ಲ. ದುಡ್ಡಿನ ಬದಲು ಒಂದು ಪತ್ರ ಹಾಕಿ. ನಿಮ್ಮ ಕ್ಷೇತ್ರದ ಶಾಸಕರಿಗೆ, ಪ್ರತಿ ಕೃಷಿ ಇಲಾಖೆಗೆ. ಹಿಮಾಚಲದ ಹಾಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಯೋಗದ ಬೆಳೆ ಶುರು ಮಾಡಿ, ಸೆಕ್ಷನ್ 14ರ ಆದೇಶ ಹೊರಡಿಸಿ, ಟೆಸ್ಟ್ ಮೀರಿದರೆ ಬೆಳೆ ಮಾತ್ರ ನಾಶವಾಗಲಿ, ಕೇಸು ಬೇಡ ಅಂತ ಬರೀರಿ. ಒಂದು ಪುಟ ಸಾಕು. ಕನ್ನಡದಲ್ಲೇ ಬರೀರಿ, ಓದ್ತಾರೆ. ಮಾದರಿ ಪತ್ರ ಬೇಕಿದ್ದವರು ಚಹಾ ಕುಡೀತಾ ನನ್ನ ಹತ್ತಿರ ಕೇಳಿ, ಪ್ರಿಂಟ್ ತಂದಿದ್ದೀನಿ.